ಹಿಂದಿನ ಸೀಟಿನ ಹಿರಿಯಣ್ಣ

ಬ್ರೇಕ್ ನೋಡಲು ಕರೆಸಿಕೊಂಡವರ ಮನೆಯ ಮುಂದೆ ಟಿವಿಎಸ್ ನಿಲ್ಲಿಸಿದ ಹಿರಿಯಣ್ಣ, ಜಾಕು ಸ್ಪ್ಯಾನರುಗಳ ಚೀಲ ಬಿಚ್ಚದೆ, ಚಕ್ರದ ಕಡೆ ಕಣ್ಣೂ ಹಾಯಿಸದೆ, ನೇರ ಹೋಗಿ ಕಾರಿನ ಹಿಂದಿನ ಸೀಟಿನಲ್ಲಿ ಕೂತುಬಿಡುತ್ತಿದ್ದರು. ನಾಲ್ಕೂ ಗಾಜು ಇಳಿಯಬೇಕು, ಹಾಡು ನಿಲ್ಲಬೇಕು, ಮಾಲೀಕ ಓಡಿಸಬೇಕು, ಅವನ ಪಕ್ಕ ದಿನವೂ ಕೂರುವವರು ಅದೇ ಜಾಗದಲ್ಲಿ ಕೂರಬೇಕು. ಅಷ್ಟಾದ ಮೇಲೆ ತಲೆಯನ್ನು ಒಂದಿಷ್ಟು ಎಡಕ್ಕೆ ವಾಲಿಸಿ, ಕಣ್ಣು ಮುಚ್ಚಿ, ಶ್ರುತಿಗೆ ಕಾದ ಸಂಗೀತಗಾರನ ಹಾಗೆ ಧ್ಯಾನಸ್ಥರಾಗುತ್ತಿದ್ದರು. ಬ್ರೇಕ್ ಒತ್ತಿದಾಗ ಸಣ್ಣಗೆ ‘ಕೀ’ ಎಂದರೆ ಅದರ ಪ್ಯಾಡ್ ಸವೆಯುತ್ತ ಬಂದಿದೆ. ‘ಗರಗರ’ ಎಂದರೆ ಸವೆದು ಮುಗಿದು ಕಬ್ಬಿಣ ಕಬ್ಬಿಣವನ್ನು ತಿನ್ನುತ್ತಿದೆ. ಚಕ್ರ ಬಿಚ್ಚುವುದು ಆಮೇಲಿನ ಮಾತು.

ಓಡಿಸುವವನನ್ನು ಅವರು ಏನೂ ಕೇಳುತ್ತಿರಲಿಲ್ಲ. ಕೇಳುತ್ತಿದ್ದದ್ದು ಪಕ್ಕದಲ್ಲಿ ಕೂತ ಹೆಂಗಸರನ್ನು.

“ಓಡ್ಸೋನ ಕಾಲು ಸುಳ್ಳುಬುರುಕ ಕಣಮ್ಮ. ಬ್ರೇಕು ದಿನಕ್ಕೊಂದು ಕೂದಲೆಳೆ ಸವೆಯುತ್ತೆ, ಕಾಲು ದಿನಕ್ಕೊಂದು ಕೂದಲೆಳೆ ಜಾಸ್ತಿ ಒತ್ತುತ್ತೆ. ಅವನಿಗೆ ಎಲ್ಲಾ ಸರಿಯಾಗೇ ಇರುತ್ತೆ. ಪಕ್ಕದಲ್ಲಿ ಕೂತೋರು ನೀವು ಹೇಳಿ.”

ಮೈಮೇಲೆ ಬಣ್ಣಗೆಟ್ಟ ಖಾಕಿ ಕೋಟು. ಮಾಚೇನಹಳ್ಳಿಯ ಒಂದು ವರ್ಕ್‌ಶಾಪಿನಲ್ಲಿ ಇಪ್ಪತ್ತಾರು ವರ್ಷ ಕಬ್ಬಿಣ ಬಡಿಯುವ ಯಂತ್ರದ ಪಕ್ಕ ನಿಂತು ಸಂಪಾದಿಸಿದ್ದರಲ್ಲಿ ಉಳಿದದ್ದು ಆ ಕೋಟೊಂದೇ ಎಂದು ಅವರೇ ನಗುತ್ತಿದ್ದರು. ಜನ್ಮದಲ್ಲಿ ಬೀಡಿ ಮುಟ್ಟದ ಈ ಮನುಷ್ಯನ ಕೋಟಿನ ಜೇಬಿನಲ್ಲಿ ಸದಾ ಒಂದು ಬೆಂಕಿಪೊಟ್ಟಣ. ಪ್ಯಾಡಿನ ಪಕ್ಕ ಕಡ್ಡಿ ಹಿಡಿದು, ಕಡ್ಡಿಯಷ್ಟೇ ದಪ್ಪ ಉಳಿದಿದ್ದರೆ, “ಇದರ ಆಯಸ್ಸು ಮುಗೀತು” ಎನ್ನುವರು. ಭದ್ರಾವತಿಯ ಜನ್ನಾಪುರದ ಮನೆಯಿಂದ ಶಂಕರಘಟ್ಟಕ್ಕೆ, ಅಲ್ಲಿಂದ ಶಿವಮೊಗ್ಗದ ನಮ್ಮ ಬೀದಿಗೆ ಹೀಗೆ ಕಿವಿಯನ್ನೂ ಕಡ್ಡಿಯನ್ನೂ ಹೊತ್ತು ತಿರುಗುತ್ತಿದ್ದ ಅವರು, ಹೋದ ವರ್ಷ ಸಿಕ್ಕವರಿಗೆಲ್ಲ ಒಂದು ಸಂತೋಷದ ಸಮಾಚಾರ ಹೇಳುತ್ತಿದ್ದರು: “ಜನ್ನಾಪುರದಲ್ಲಿ ಸೊಳ್ಳೆ ನಿಂತೇಹೋಯ್ತು ಮಾರಾಯ್ರೇ. ಒಂದೂ ಗುಂಯ್ ಅನ್ನಲ್ಲ.” ಹೇಳುತ್ತ ಹೇಳುತ್ತ ಮೊಣಕೈ ಕೆರೆದುಕೊಳ್ಳುತ್ತಿದ್ದರು.

ಆ ವರ್ಷವೇ ನಮ್ಮ ಕಾರು ಕೂಗತೊಡಗಿತು. ಹಿರಿಯಣ್ಣ ಬಂದರು, ಹಿಂದೆ ಕೂತರು, ಕಣ್ಣು ಮುಚ್ಚಿದರು. ಬೀದಿ ಸುತ್ತಿ ಬಂದ ಮೇಲೆ, “ಬ್ರೇಕು ಸುಖವಾಗಿದೆ, ಒಂದು ವರ್ಷ ಯೋಚನೆ ಬೇಡ” ಎಂದರು.

ಪಕ್ಕದಲ್ಲಿದ್ದ ನನ್ನ ಹೆಂಡತಿ ಈಶ್ವರಮ್ಮ ತಿರುಗಿ ನೋಡಿದಳು. “ಒತ್ತಿದಾಗೆಲ್ಲ ಕೀ ಅಂತಲ್ಲಣ್ಣ?”

“ಇಲ್ಲಮ್ಮ. ಎಲ್ಲೂ ಇಲ್ಲ.”

ನನ್ನದು ಗೀರುವ ಮೊದಲೇ ಹತ್ತಿಕೊಳ್ಳುವ ಸ್ವಭಾವ. “ಬೀದಿನಾಯಿ ಕೂಡ ತಿರುಗಿ ನೋಡ್ತಿದೆ. ಕಿವಿಗೇನು ಹತ್ತಿ ತುರುಕ್ಕೊಂಡಿದೀರಾ?” ಎಂದುಬಿಟ್ಟೆ.

ಅವರು ಕೆಳಗಿಳಿದರು. ಜಾಕು ಏರಿಸಿದರು, ಚಕ್ರ ತೆಗೆದರು, ಕಡ್ಡಿ ಹಿಡಿದರು. ಪ್ಯಾಡು ಕಡ್ಡಿಗಿಂತ ತೆಳ್ಳಗಿತ್ತು. ಅದನ್ನು ಅಂಗೈಯಲ್ಲಿಟ್ಟುಕೊಂಡು, ನನ್ನನ್ನು ಬಿಟ್ಟು ಈಶ್ವರಮ್ಮನನ್ನು ಕೇಳಿದರು:

“ಜೋರಾಗಿ ಕೂಗ್ತಿತ್ತಾ ಅಮ್ಮ?”

“ಜೋರಾಗೇ ಅಣ್ಣ,” ಎಂದಳು ಅವಳು, ತಪ್ಪು ತನ್ನದೇ ಎಂಬ ಹಾಗೆ.

ಹೊಸ ಪ್ಯಾಡು ಹಾಕಿ ಹೋದವರು ಮತ್ತೆ ಯಾರ ಮನೆಗೂ ಹೋಗಲಿಲ್ಲವೆಂದು ತಿಂಗಳಾದ ಮೇಲೆ ತಿಳಿಯಿತು. ನನ್ನ ಮಾತಿನಿಂದಲೇ ಇರಬೇಕೆಂದು ಜನ್ನಾಪುರಕ್ಕೆ ಹೋದೆ. ಚೀಲಕ್ಕೆ ಹಗ್ಗ ಬಿಗಿದು ಮಂಚದ ಕೆಳಗೆ ತಳ್ಳಿದ್ದರು. ಕೋಟು ಗೋಡೆಯ ಮೊಳೆಗೆ ನೇತುಬಿದ್ದಿತ್ತು.

“ತಪ್ಪಾಯ್ತು. ನನ್ನ ಬಾಯಿ ಸರಿಯಿಲ್ಲ,” ಎಂದೆ.

“ನಿಮ್ಮ ಬಾಯಿ ಸರಿಯಾಗೇ ಇದೆ, ನನ್ನ ಕಿವಿ ಸರಿಯಿಲ್ಲ. ನನ್ನ ನಂಬ್ಕೊಂಡು ಯಾರಾದ್ರೂ ಘಾಟಿ ಇಳಿದಿದ್ರೆ ಏನ್ ಗತಿ ಹೇಳಿ?”

ಕಾಫಿ ತಂದ ಅವರ ಹೆಂಡತಿ ಪದ್ಮಮ್ಮ ಲೋಟ ಕೊಡುತ್ತ ಅಂದರು: “ಒಂದು ವರ್ಷದಿಂದ ನಂಗೆ ಗೊತ್ತಿತ್ತು. ಸೊಳ್ಳೆ ಕಚ್ಚಿ ಕಚ್ಚಿ ಮೈಯೆಲ್ಲ ದದ್ದು, ಇವ್ರು ನೋಡಿದ್ರೆ ಸೊಳ್ಳೆ ಇಲ್ಲ ಅಂತಾರೆ!”

“ಮತ್ತೆ ಹೇಳ್ಬಾರ್ದಿತ್ತಾ?” ಎಂದರು ಹಿರಿಯಣ್ಣ.

“ನೀವು ಕೇಳಿದ್ರಾ?”

ಹಿರಿಯಣ್ಣ ಲೋಟ ಕೆಳಗಿಟ್ಟರು. ಹೆಂಡತಿಯ ಮುಖವನ್ನು ಮೊದಲ ಸಲ ಕಂಡವರಂತೆ ನೋಡಿ, ಮೆಲ್ಲಗೆ ನಕ್ಕರು. “ಊರ ಹೆಂಗಸರನ್ನೆಲ್ಲ ಕೇಳ್ದೆ. ನಿನ್ನೊಬ್ಬಳನ್ನ ಕೇಳ್ಲಿಲ್ಲ ನೋಡು.”

ಈಗ ಟಿವಿಎಸ್ ಮೇಲೆ ಇಬ್ಬರು ಬರುತ್ತಾರೆ. ಜಾಕು ಸ್ಪ್ಯಾನರುಗಳ ಚೀಲ ಪದ್ಮಮ್ಮನ ಮಡಿಲಿನಲ್ಲಿ. ಕಾರಿನ ಹಿಂದಿನ ಸೀಟಿನಲ್ಲಿ ಅಕ್ಕಪಕ್ಕ ಕೂರುತ್ತಾರೆ. ಹಿರಿಯಣ್ಣ ಅಭ್ಯಾಸಬಲದಿಂದ ಕಣ್ಣು ಮುಚ್ಚುತ್ತಾರೆ. ‘ಕೀ’ ಎಂದಾಗ ಅವರ ಮಂಡಿಯ ಮೇಲೆ ಪದ್ಮಮ್ಮನ ಬೆರಳು ಒಮ್ಮೆ ತಟ್ಟುತ್ತದೆ. ‘ಗರಗರ’ ಎಂದರೆ ಎರಡು ಸಲ. ಯಾವ ಚಕ್ರವೆಂದು ಪದ್ಮಮ್ಮನೇ ಹೇಳುತ್ತಾರೆ. ದಪ್ಪವೆಷ್ಟೆಂದು ಕಡ್ಡಿ ಹೇಳುತ್ತದೆ.

ಪರರ ಸವೆತವನ್ನು ಗುರುತಿಸುವುದೇ ಕಸುಬಾದವರು ಲೋಕದಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ತಮ್ಮ ಸವೆತ ಮಾತ್ರ ಅವರಿಗೂ ಕೂದಲೆಳೆಯಷ್ಟು ಕೂದಲೆಳೆಯಷ್ಟಾಗಿ ಬರುವುದರಿಂದ ತಿಳಿಯುವುದಿಲ್ಲ. ಪಕ್ಕದಲ್ಲಿರುವವರು ಹೇಳಿದಾಗ ಸಿಡಿಮಿಡಿಗೊಳ್ಳುವವರೇ ಹೆಚ್ಚು. ನಾನೂ ಆ ಪೈಕಿಯೇ. ಹೇಳಿಸಿಕೊಂಡು, ಕೊಂಚ ಸರಿದು, ಸೀಟಿನಲ್ಲಿ ಅವರಿಗೂ ಜಾಗ ಕೊಡುವ ಹಿರಿಯಣ್ಣನಂಥವರು ಕಡಿಮೆ. ಅಂಥವರು ರಿಪೇರಿ ಮಾಡಿದ ಕಾರಿನಲ್ಲಿ ಮನೆಯವರನ್ನೆಲ್ಲ ಕೂರಿಸಿಕೊಂಡು ಘಾಟಿ ಇಳಿಯಬಹುದು.