ಮೂಲೆಯ ಕಾಲುಂಗುರ

"ಬೆನ್ನಾಗ ಕತ್ತರಿಸು ಪುಷ್ಪಾ. ಕೈ ಸೆಟದಾವ, ಹಂಗ ತೊಡಿಸಾಕ ಬರಂಗಿಲ್ಲ" ಎಂದು ಪಕ್ಕದ ಮನೆಯ ಅಂಜಿನಕ್ಕ ಹಸಿರು ರವಿಕೆಯನ್ನು ಪುಷ್ಪಲತಾಳ ಮಡಿಲಿಗೆ ಹಾಕಿದಳು.

ಪುಷ್ಪಲತಾ ಕತ್ತರಿ ಹಿಡಿದುಕೊಂಡೇ ಬಂದಿದ್ದಳು. ಸತ್ತ ಹೆಂಗಸಿನ ರವಿಕೆಯನ್ನು ಬೆನ್ನಿನ ನಡುವೆ ಸೀಳಿ, ಎದುರಿನಿಂದ ತೋಳು ತೂರಿಸಿ, ಹಿಂದೆ ಪಿನ್ನು ಚುಚ್ಚುವುದು ಕೊಟ್ಟೂರಿನ ಆ ಓಣಿಯಲ್ಲಿ ಅವಳದೇ ಕೆಲಸ. ಗಂಡ ತೀರಿಕೊಂಡ ಮೇಲೆ ಮುತ್ತೈದೆಯರ ಸಾಲಿನಲ್ಲಿ ಅವಳನ್ನು ಯಾರೂ ಕರೆಯುತ್ತಿರಲಿಲ್ಲ. ಹೊಲಿಗೆ ಬಲ್ಲವಳೆಂದು ಸಾವಿನ ಮನೆಯಿಂದ ಮಾತ್ರ ಕರೆ ಬರುತ್ತಿತ್ತು.

ಇವತ್ತು ಕತ್ತರಿ ಏಳಲಿಲ್ಲ. ಅವಳು ರವಿಕೆಯ ಬೆನ್ನನ್ನೇ ನೋಡುತ್ತ ಕುಳಿತಳು. ವೀಳ್ಯದೆಲೆಯ ಆಕಾರದಲ್ಲಿ ಕೊರೆದ ಕುತ್ತಿಗೆ, ಅಂಚಿಗೆ ಕೂದಲೆಳೆಯಷ್ಟು ಸಣ್ಣ ಪೈಪಿಂಗು, ಒಂದು ಹೊಲಿಗೆಯೂ ಆಚೀಚೆ ಸರಿದಿಲ್ಲ. ಗೋಡೆಗೊರಗಿಸಿ ಕೂರಿಸಿದ್ದ ಶಿವಬಸಮ್ಮ ತನಗೆ ತಾನೇ ಹೊಲಿದುಕೊಂಡದ್ದು. ಶಿವಬಸಮ್ಮ ಅವಳ ವಾರಗಿತ್ತಿ, ಗಂಡನ ಅಣ್ಣನ ಹೆಂಡತಿ; ಅಕ್ಕ ಎಂದೇ ಕರೆಯುತ್ತಿದ್ದಳು. ಯಾರಿಗೂ ಕಾಣದ ಹಾಗೆ ಸೆರಗಿನಡಿ ಹೋಗುವ ಬೆನ್ನಿಗೆ ಇಷ್ಟು ಚಂದ ಹೊಲಿದುಕೊಳ್ಳುವ ಜಂಬವಾದರೂ ಎಂಥದು ಇವಳಿಗೆ! ಪುಷ್ಪಲತಾಳ ಹೊಟ್ಟೆಯಲ್ಲಿ ಹಳೆಯ ಉರಿ ಎದ್ದಿತು. ಹೆಣದ ಮುಂದೆ ಕೂತು ಹೊಟ್ಟೆಕಿಚ್ಚು ಪಡುವವಳು ಊರಿಗೆಲ್ಲ ತಾನೊಬ್ಬಳೇ ಇರಬೇಕು ಎಂದುಕೊಂಡು, ಕತ್ತರಿ ಇಟ್ಟು ಸರ್ರನೆ ಸೀಳಿದಳು.

"ಏನ್ ಪುಣ್ಯ ಮಾಡಿದ್ಲವ್ವ" ಎಂದು ಬಾಗಿಲಲ್ಲಿದ್ದ ಓಣಿಯ ಎರ್ರೆಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಅರಿಶಿಣ ಕುಂಕುಮ ಇಟಗೊಂಡು ಗಂಡನ ಮುಂದ ಹೋದ್ಲು. ಮುತ್ತೈದಿ ಸಾವು ಎಲ್ಲಾರಿಗೂ ಸಿಗಂಗಿಲ್ಲ."

"ಎಲ್ಲಾರಿಗೂ ಎಲ್ಲಿ ಸಿಗತೈತಿ" ಎಂದಳು ಅಂಜಿನಕ್ಕ. ಹಾಗೆನ್ನುವಾಗ ಅವಳು ಪುಷ್ಪಲತಾಳನ್ನು ನೋಡಲಿಲ್ಲ. ನೋಡದೆ ಇದ್ದುದೇ ಪುಷ್ಪಲತಾಳಿಗೆ ಚುಚ್ಚಿತು. ಸಾಯುವುದರಲ್ಲೂ ಅಕ್ಕನದೇ ಮೇಲುಗೈ ಆಯಿತಲ್ಲ ಎಂದು ಅವಳು ಹಲ್ಲು ಕಚ್ಚಿದಳು.

ರವಿಕೆ ತೊಡಿಸಿ ಮುಗಿಸಿ ತಲೆಯೆತ್ತಿದಾಗ ಎದುರಿನ ಗೋಡೆ ಕಂಡಿತು. ಅವಳು ಈ ಪಡಸಾಲೆಗೆ ಕಾಲಿಟ್ಟು ಮೂರು ವರ್ಷವಾಗಿತ್ತು. ಗೋಡೆಯ ತುಂಬ ರವಿಕೆಗಳ ಬೆನ್ನಿನ ಫೋಟೋಗಳು ಅಂಟಿಕೊಂಡಿದ್ದವು. ಬಣ್ಣ ಮಾಸಿ, ಅಂಚು ಸುರುಳಿ ಸುತ್ತಿಕೊಂಡಿದ್ದವು. ಅವಳ ಕಣ್ಣು ಹೊಸ ಡಿಸೈನುಗಳನ್ನು ಹುಡುಕಿತು. ಹೊಸವು ಇವೆಯೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಹೇಗೆ ಗೊತ್ತು ಎಂಬುದನ್ನು ಮಾತ್ರ ಯಾರೂ ಕೇಳಬಾರದಿತ್ತು. ಗೋಡೆಯ ಈ ತುದಿಯಿಂದ ಆ ತುದಿಯವರೆಗೆ ನೋಡಿದರೂ ಹೊಸದು ಒಂದೂ ಇರಲಿಲ್ಲ.

*

ಇಬ್ಬರೂ ಒಂದೇ ಮಷಿನ್ನಿನ ಮೇಲೆ ಹೊಲಿದವರು. ಆಗ ಮನೆ ಒಂದೇ ಇತ್ತು. ಶಿವಬಸಮ್ಮನ ಗಂಡ ಜಂಬಣ್ಣ ಮಂಡಕ್ಕಿ ಬಟ್ಟಿ ನೋಡಿಕೊಂಡರೆ, ಪುಷ್ಪಲತಾಳ ಗಂಡ ಆ ಮಂಡಕ್ಕಿ ಚೀಲಗಳನ್ನು ಹಡಗಲಿ, ಹರಪನಹಳ್ಳಿ ಸಂತೆಗೆ ಒಯ್ಯುತ್ತಿದ್ದ. ಹೊಸ ಸೊಸೆಗೆ ಸೂಜಿಗೆ ದಾರ ಪೋಣಿಸುವುದರಿಂದ ಹಿಡಿದು ತೋಳು ಕೂಡಿಸುವವರೆಗೆ ಕಲಿಸಿದವಳು ಶಿವಬಸಮ್ಮ. ಕಲಿಸಿದ್ದನ್ನು ಮರೆಯದೆ ನಾಲ್ಕು ಮಂದಿಯ ಮುಂದೆ ಹೇಳುವವಳೂ ಅವಳೇ. "ನಮ್ಮ ಪುಷ್ಪಾನ ಕೈ ಚಲೋ ಐತಿ, ಡಿಸೈನ್ ಒಂದ್ ತಲಿಗೆ ಹೊಳಿಯಂಗಿಲ್ಲ" ಎಂದು ನಗುತ್ತಿದ್ದಳು. ಅದು ನಿಜವಾಗಿತ್ತು. ನಿಜವಾಗಿದ್ದರಿಂದಲೇ ಪುಷ್ಪಲತಾಳಿಗೆ ಮೈಯೆಲ್ಲ ಉರಿಯುತ್ತಿತ್ತು.

ಗಂಡ ಕಾಮಾಲೆಯಲ್ಲಿ ಹೋದ ಮೇಲೆ ಅವಳೇ ಹಟ ಹಿಡಿದು ಮನೆಯ ನಡುವೆ ಗೋಡೆ ಹಾಕಿಸಿದಳು. ಒಂದಿಟ್ಟಿಗೆಯ ಗೋಡೆ. ಆಚೆ ಮಷಿನ್ ತುಳಿದರೆ ಈಚೆ ಕೇಳುತ್ತಿತ್ತು. ಯಾರ ಮಷಿನ್ ಹೆಚ್ಚು ಹೊತ್ತು ಓಡುತ್ತದೆಂದು ಕಿವಿಗೊಟ್ಟು ಕೂರುವುದೇ ಅವಳಿಗೊಂದು ಕೆಲಸವಾಯಿತು.

ಆಮೇಲೆ ಶಿವಬಸಮ್ಮನ ಮಗ ಪ್ರವೀಣಕುಮಾರ್, ಹರಪನಹಳ್ಳಿ ಬಸ್ ಸ್ಟ್ಯಾಂಡಿನ ಹತ್ತಿರ ಮೊಬೈಲ್ ಅಂಗಡಿ ಇಟ್ಟವನು, ತಾಯಿಗೆ ಕ್ಯಾಮರಾ ಇರುವ ಫೋನೂ ಊಟದ ಡಬ್ಬಿಯಷ್ಟು ದೊಡ್ಡ ಪ್ರಿಂಟರೂ ತಂದುಕೊಟ್ಟ. ಹೊಲಿದ ರವಿಕೆಯ ಫೋಟೋ ತೆಗೆದು ಫೋನಿನಲ್ಲಿ ಬ್ಲೂಟೂತ್ ಒತ್ತಿದರೆ, ಅಷ್ಟು ದೂರದಲ್ಲಿಟ್ಟ ಪ್ರಿಂಟರಿನಿಂದ ಬಣ್ಣದ ಫೋಟೋ ಹೊರಗೆ ಬರುತ್ತಿತ್ತು. ಓಣಿಗೆ ಓಣಿಯೇ ನೋಡಲು ಬಂತು. ಅಂಜಿನಕ್ಕ ಫೋನಿಗೂ ಪ್ರಿಂಟರಿಗೂ ನಡುವೆ ಕೈಯಾಡಿಸಿ, "ವೈರ್ ಇಲ್ಲದ ಹೆಂಗ ಹೊಕ್ಕತಿ ಇದು? ಕಣ್ಣಿಗೆ ಕಾಣದ ದಾರ ಕಟ್ಟಿರೇನು?" ಎಂದು ಕೇಳಿದಳಂತೆ. ಆ ನಗು ಗೋಡೆ ದಾಟಿ ಈಚೆಗೂ ಬಂತು.

ನಗು ಬಂದರೆ ಬರಲಿ, ಗಿರಾಕಿಗಳು ಹೋದರು. ಮದುವೆಯ ರವಿಕೆ ಹೊಲಿಯಲು ಕೊಟ್ಟಿದ್ದ ಬಾಗಳಿಯ ಮದುಮಗಳು ಬಂದು, "ತಪ್ಪು ತಿಳೀಬ್ಯಾಡ್ರಿ, ಅಲ್ಲಿ ಫೋಟೋ ನೋಡಿ ಆರಿಸಿಕೊಬೌದಲ್ರಿ" ಎಂದು ಬಟ್ಟೆ ವಾಪಸು ಇಸಿದುಕೊಂಡು ಪಕ್ಕದ ಬಾಗಿಲು ತಟ್ಟಿದಳು. ಪುಷ್ಪಲತಾ ಅಂದೇ ಅಕ್ಕನ ಜೊತೆ ಮಾತು ಬಿಟ್ಟಳು. ಹಬ್ಬಕ್ಕೆ ಆಚೆಯಿಂದ ಹೋಳಿಗೆ ಬಂದರೆ ತಟ್ಟೆಯ ಮೇಲಿನ ಬಟ್ಟೆಯನ್ನೂ ತೆರೆಯದೆ ಹಿಂದಕ್ಕೆ ಕಳಿಸಿದಳು. ಹಗರಿಬೊಮ್ಮನಹಳ್ಳಿಗೆ ಹೋಗಿ, ಅಂಗಡಿಯವನು ಬೇರೆ ಬೇರೆ ತೋರಿಸಿದರೂ ಕೇಳದೆ, ಅಕ್ಕನ ಮನೆಯಲ್ಲಿದ್ದಂಥದೇ ಪ್ರಿಂಟರು, ಅದೇ ಬಿಳಿ ಬಣ್ಣದ್ದು ಬೇಕೆಂದು ಹಟಮಾಡಿ ತಂದಳು. ಒಂದು ಕೂದಲೆಳೆಯಷ್ಟೂ ಕಡಿಮೆಯಾಗಬಾರದಿತ್ತು ಅವಳಿಗೆ.

*

"ಅವ್ವಂದು ಮಾರಿ ಕಾಣೋ ಫೋಟೋ ಒಂದೂ ಇಲ್ಲಲ್ಲೋ ಯಪ್ಪಾ" ಎಂದ ಪ್ರವೀಣಕುಮಾರ್. ಕಟ್ಟೆಯ ಮೇಲೆ ತಾಯಿಯ ಫೋನ್ ಹಿಡಿದು ಕೂತಿದ್ದ. ಅಂಗಳದಲ್ಲಿ ಹೆಣ ಕೂರಿಸಿ ಒಯ್ಯುವ ಬಿದಿರಿನ ವಿಮಾನ ಕಟ್ಟುತ್ತಿದ್ದರು. ಅದರ ಮುಂದೆ ಕಟ್ಟಲು ಒಂದು ಫೋಟೋ ಬೇಕಿತ್ತು. "ಬರೇ ಜಂಪರಿನ ಬೆನ್ನು. ಬೆನ್ನು ಬಿಟ್ರ ಪೇಪರ್ ಕಟಿಂಗ್."

ಜಂಬಣ್ಣ ಕಂಬಕ್ಕೊರಗಿದ್ದ. "ನಿಮ್ಮವ್ವ ಯಾವಾಗ ತನ್ನ ಮಾರಿ ತಾ ನೋಡಿಕೊಂಡಾಳೋ" ಎಂದ. "ಕುಂದ್ರಿಸಿದ್ದರಾಗ ಒಂದು ತೆಗಿ. ಅದ ಇರಲಿ."

ಹೆಣವನ್ನು ಕೂರಿಸಿ, ಮನೆಯವರು ಸುತ್ತ ಕೂತು ಕೊನೆಯ ಫೋಟೋ ತೆಗೆಸುವುದು ಆ ಕಡೆ ಇದ್ದದ್ದೇ. ಜಂಬಣ್ಣ ಹೆಂಡತಿಯ ಪಕ್ಕಕ್ಕೆ ಬಂದು ಕೂತ. ಪ್ರವೀಣ ಫೋನ್ ಎತ್ತಿದವನು ಇಳಿಸಿ, "ಚಿಗವ್ವಾ, ನೀನೂ ಕುಂದ್ರು ಬಾ" ಎಂದ.

"ನಾ ಒಲ್ಲೆ" ಎಂದಳು ಪುಷ್ಪಲತಾ. ಅಕ್ಕನ ಪಕ್ಕ ಕೂತರೆ ನೋಡುವವರು ಯಾರನ್ನು ನೋಡುತ್ತಾರೆಂದು ಅವಳಿಗೆ ಗೊತ್ತಿತ್ತು. ಸತ್ತಿದ್ದರೂ ಅಕ್ಕನೇ ಚಂದ ಕಾಣುತ್ತಿದ್ದಳು.

ಪ್ರವೀಣ ಅಪ್ಪನ ಜೊತೆಗೊಂದು, ಅವ್ವನದಷ್ಟೇ ಒಂದು ಫೋಟೋ ತೆಗೆದು ಪುಷ್ಪಲತಾಳ ಹತ್ತಿರ ಬಂದ. ದನಿ ಇಳಿಸಿ ಕೇಳಿದ. "ಚಿಗವ್ವಾ, ನಿಮ್ಮ ಪ್ರಿಂಟರ್ ಚಾಲೂ ಇಟ್ಟೀಯಲ್ಲ?"

ಪುಷ್ಪಲತಾ ಸೆರಗು ಸರಿಪಡಿಸುವ ನೆಪದಲ್ಲಿ ಮುಖ ತಿರುಗಿಸಿದಳು. "ನಮ್ಮದ್ಯಾಕ? ನಿಮ್ಮದ ಐತಲ್ಲ" ಎಂದಳು.

*

ಅದು ಒಂದು ಮಧ್ಯಾಹ್ನ ತಾನಾಗಿಯೇ ಶುರುವಾಗಿತ್ತು. ಅವಳು ಫೋನ್ ಮುಟ್ಟಿರಲಿಲ್ಲ. ಮೂಲೆಯಲ್ಲಿದ್ದ ಪ್ರಿಂಟರು ಕಿರ್ರೆಂದು ಹಾಳೆ ಎಳೆದುಕೊಂಡು, ಒಂದೊಂದು ಬಣ್ಣಕ್ಕೊಂದು ಸಲ ಹೊರಗೆ ಚಾಚಿ ಒಳಗೆಳೆದು, ಕೊನೆಗೆ ಒಂದು ಫೋಟೋ ಉದುರಿಸಿತು. ನೋಡಿದರೆ ಅಕ್ಕನ ಮನೆಯ ಕೆಂಪು ಗಾರೆ ನೆಲ, ಅದರ ಮೇಲೆ ಹೊಸ ರವಿಕೆಯೊಂದರ ಬೆನ್ನು. ಪುಷ್ಪಲತಾ ದೆವ್ವ ಕಂಡಂತೆ ಹಿಂದೆ ಸರಿದಳು. ಆಮೇಲೆ ಹೊಳೆಯಿತು. ಎರಡೂ ಪ್ರಿಂಟರಿನ ಹೆಸರು ಒಂದೇ, ನಡುವೆ ಇದ್ದದ್ದು ಒಂದಿಟ್ಟಿಗೆಯ ಗೋಡೆ. ಅಕ್ಕ ತನ್ನದೆಂದು ಒತ್ತಿದ್ದು ಇವಳದಾಗಿತ್ತು.

ಆಚೆ ಹೋಗಿ ಕೊಡಬಹುದಿತ್ತು. ಪುಷ್ಪಲತಾ ಅದನ್ನು ನೋಡಿ ಹಾಗೆಯೇ ಒಂದು ರವಿಕೆ ಹೊಲಿದಳು. ತಂಬ್ರಹಳ್ಳಿಯ ಗಿರಾಕಿ ಅದನ್ನು ತೊಟ್ಟುಕೊಂಡು ಕನ್ನಡಿಯ ಮುಂದೆ ಬೆನ್ನು ತಿರುಗಿಸಿ ತಿರುಗಿಸಿ ನೋಡಿದಳು. ಆ ವಾರ ಪುಷ್ಪಲತಾಳಿಗೆ ಕಣ್ತುಂಬ ನಿದ್ದೆ ಬಂತು.

ಅಂದಿನಿಂದ ಅವಳು ಪ್ರಿಂಟರು ಆರಿಸುವುದನ್ನೇ ಬಿಟ್ಟಳು. ಹಾಳೆ ತುಂಬಿಸಿಟ್ಟು ಕಾಯುತ್ತಿದ್ದಳು. ಹಾಳೆಯೂ ನನ್ನದು ಬಣ್ಣವೂ ನನ್ನದು, ಇನ್ನು ಕಳವೆಲ್ಲಿ ಬಂತು ಎಂದು ತನಗೆ ತಾನೇ ಸಮಜಾಯಿಷಿ ಹೇಳಿಕೊಂಡಳು. ಕೆಲವು ದಿನಗಳ ಮೇಲೆ ರವಿಕೆಗಳು ನಿಂತು, ಹಳೆ ಪೇಪರಿನಲ್ಲಿ ಕತ್ತರಿಸಿದ ಕುತ್ತಿಗೆಯ ಮಾದರಿಗಳು ಬರತೊಡಗಿದವು. ಫ್ಯಾನಿನ ಗಾಳಿಗೆ ಹಾರದಂತೆ ಅಕ್ಕ ಕಾಲಿನಿಂದ ಒತ್ತಿ ಹಿಡಿದು ಫೋಟೋ ತೆಗೆಯುತ್ತಿದ್ದಳು ಎಂದು ಕಾಣುತ್ತದೆ, ಪ್ರತಿ ಫೋಟೋದ ಮೂಲೆಯಲ್ಲೂ ಬೆಳ್ಳಿ ಕಾಲುಂಗುರ ತೊಟ್ಟ ಬೆರಳು ಇರುತ್ತಿತ್ತು. ಗಿರಾಕಿಗೆ ತೋರಿಸುವ ಮೊದಲು ಪುಷ್ಪಲತಾ ಆ ಮೂಲೆಯನ್ನು ಕತ್ತರಿಸಿ ತೆಗೆಯುತ್ತಿದ್ದಳು. ಕಂಡರೆ ಗುಟ್ಟು ಬಯಲಾದೀತೆಂಬ ಹೆದರಿಕೆ ಒಂದು. ಗಂಡನಿದ್ದವಳ ಕಾಲುಂಗುರ ದಿನಾ ತನ್ನ ಮನೆಗೆ ಬಂದು ಅಣಕಿಸುತ್ತದಲ್ಲ ಎಂಬ ಸಂಕಟ ಇನ್ನೊಂದು. ಆದರೆ ಮುತ್ತೈದೆಯ ಕಾಲುಂಗುರವನ್ನು ಕಸದಲ್ಲಿ ಹಾಕಲು ಕೈ ಬರಲಿಲ್ಲ. ತುಂಡುಗಳನ್ನೆಲ್ಲ ಗುಂಡಿ ಇಡುವ ಡಬ್ಬಿಯಲ್ಲಿ ಹಾಕಿಡುತ್ತ ಬಂದಳು.

*

"ನಮ್ಮದು ಎಲ್ಲೈತಿ ಚಿಗವ್ವಾ?" ಎಂದ ಪ್ರವೀಣಕುಮಾರ್. "ಅದು ಕೆಟ್ಟು ವರ್ಷದ ಮ್ಯಾಲಾತು. ರಿಪೇರಿ ಮಾಡಿಸ್ತೀನಿ ಅಂದ್ರ ಅವ್ವ ಬ್ಯಾಡ ಅಂದ್ಲು. ಸಕ್ರಿ ರೋಗ ಕಣ್ಣು ತಿಂದಿತ್ತಲ್ಲ, ಸೂಜಿಗೆ ದಾರ ಹಾಕಾಕ ಆಗ್ತಿದ್ದಿಲ್ಲ. ಕುಂತ ಕುಂತ ಪೇಪರ್ ಕತ್ತರಿಸೋದು, ಫೋಟೋ ತೆಗದು ನಿಮ್ಮ ಪ್ರಿಂಟರಿಗೆ ಕಳಸೋದು."

ಪುಷ್ಪಲತಾ ಬಾಗಿಲ ಚೌಕಟ್ಟು ಹಿಡಿದಳು. "ಗೊತ್ತಿತ್ತೇನು ಅಕಿಗೆ?"

"ಮೊದಲನೆ ಸಲ ತಪ್ಪಿ ಹೋಗಿತ್ತಂತ. ಎಂಟ ದಿನಕ್ಕ ಯಾರದೋ ಬೆನ್ನಿನ ಮ್ಯಾಲ ಅದ ಡಿಸೈನ್ ನೋಡ್ಯಾಳ." ಅಳುತ್ತಿದ್ದವನು ಅಷ್ಟರಲ್ಲೇ ಸಣ್ಣಗೆ ನಕ್ಕ. "ಹೋಗಿ ಕೈಯಾಗ ಕೊಡಬಾರದೇನು ಅಂತ ನಾ ಬೈದೆ. ಕೊಟ್ರ ಅಕಿ ಹೊಲಿಯಂಗಿಲ್ಲಪ, ಕದ್ದು ಹೊಲದ್ರ ಚಲೋ ಹೊಲೀತಾಳ ಅಂದ್ಲು. ಗ್ವಾಡಿಗೆ ಕಿವಿ ಹಚ್ಚಿ ಕುಂದ್ರತಿದ್ಲು. ನಿಮ್ಮ ಪ್ರಿಂಟರ್ ಕಿರ್ ಕಿರ್ ಅಂದು ಸುಮ್ಮನಾದ ಮ್ಯಾಲ ಊಟಕ್ಕ ಏಳತಿದ್ಲು."

ಆಚೆಯ ಮಷಿನ್ ಸುಮ್ಮನಾದದ್ದು ತನ್ನ ಗೆಲುವೆಂದೇ ಎಣಿಸಿ, ಈ ಒಂದು ವರ್ಷ ಪುಷ್ಪಲತಾ ಅಕ್ಕನನ್ನು ಸೋಲಿಸಿದೆನೆಂದು ಬೀಗಿದ್ದಳು. ಅವಳ ಬಾಳಿನಲ್ಲಿ ಅವಳದೇ ಎನ್ನುವಂಥದ್ದು ಏನಾದರೂ ಇದ್ದರೆ ಆ ಕಳವು ಒಂದೇ. ಅದನ್ನೂ ಅಕ್ಕನೇ ಕೊಟ್ಟದ್ದಾಗಿತ್ತು. ಅಳು ಬಂತು, ಅಳುವಿಗಿಂತ ಮೊದಲು ಸಿಟ್ಟು ಬಂತು. ಎದ್ದು ಕೂಡ್ರು ಅಕ್ಕಾ, ಒಂದು ಸಲ ಜಗಳವಾಡೋಣ ಎಂದು ಕೂಗಬೇಕೆನಿಸಿತು.

"ಲಗೂನ ಹೋಗವ್ವ, ಮೂರಕ್ಕ ಕರೆಂಟ್ ಹೋಗತೈತಿ. ಕ್ರಿಯಾ ಮಾಡೋ ಅಯ್ಯನೋರು ಬಂದ್ರು" ಎಂದ ಜಂಬಣ್ಣ. ಅವಳು ತನ್ನ ಮನೆಗೆ ಹೋದಳು.

ಮನೆಯಲ್ಲಿ ಯಾರೂ ಇರಲಿಲ್ಲ. ಗೋಡೆಯಾಚೆ ಭಜನೆ ಶುರುವಾಗಿತ್ತು. ಪ್ರವೀಣ ಫೋನಿನಲ್ಲಿ ಒತ್ತಿರಬೇಕು, ಪ್ರಿಂಟರಿನ ಹಸಿರು ದೀಪ ಮಿಣುಕಿ, ಹಾಳೆ ಕಿರ್ರೆಂದು ಒಳಗೆ ಹೋಯಿತು. ಮೊದಲು ಬರೀ ಹಳದಿಯಾಗಿ ಹೊರಬಂತು. ಅಕ್ಕನ ಮುಖ, ಕೈ, ಸೀರೆ ಎಲ್ಲ ಅರಿಶಿಣ ಮೆತ್ತಿದ ಹಾಗೆ. ಒಳಗೆ ಹೋಗಿ ಮತ್ತೆ ಬಂದಾಗ ಹಣೆಯ ಮೇಲೆ ಕುಂಕುಮ ಮೂಡಿತ್ತು. ಮೂರನೆಯ ಸಲ ನೀಲಿ ಕೂಡಿಕೊಂಡು ಸೀರೆ ಹಸಿರಾಯಿತು, ಬಳೆ ಹಸಿರಾದವು. ಕೊನೆಗೊಮ್ಮೆ ಒಳಹೊಕ್ಕು ಹೊಳಪು ಹಚ್ಚಿಕೊಂಡು, ಶಿವಬಸಮ್ಮ ಪೂರ್ತಿ ಮುತ್ತೈದೆಯಾಗಿ ಅವಳ ಕೈಗೆ ಬಿದ್ದಳು. ಮಡಚಿದ ಕಾಲಿನ ಬೆರಳು ಸೀರೆಯ ಅಂಚಿನಿಂದ ಇಣುಕಿ ಮೂಲೆಯಲ್ಲಿ ಕಾಣುತ್ತಿತ್ತು. ರೂಢಿಯಂತೆ ಪುಷ್ಪಲತಾಳ ಕೈ ಕತ್ತರಿಯನ್ನು ಎತ್ತಿಕೊಂಡಿತು. ಹಾಳೆಯ ತನಕ ಹೋದದ್ದು ಅಲ್ಲೇ ನಿಂತಿತು.

ಕತ್ತರಿ ಕೆಳಗಿಟ್ಟು ಅವಳು ಗುಂಡಿಯ ಡಬ್ಬಿ ತೆಗೆದುಕೊಂಡಳು.

ಆಚೆ ಉಡಿ ತುಂಬುವುದು ಮುಗಿಯುತ್ತ ಬಂದಿತ್ತು. ಶಿವಬಸಮ್ಮನ ಮಡಿಲಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಅರಿಶಿಣದ ಕೊಂಬು ಇದ್ದವು. ಪುಷ್ಪಲತಾ ಫೋಟೋವನ್ನು ಪ್ರವೀಣನ ಕೈಗೆ ಕೊಟ್ಟು, ಮುತ್ತೈದೆಯರ ಸಾಲನ್ನು ಸೀಳಿಕೊಂಡು ಮುಂದೆ ಬಂದು ಮೊಣಕಾಲೂರಿದಳು.

"ಏ ಪುಷ್ಪಾ, ಏನಿದು? ನೀ ಉಡಿ ತುಂಬೋ ಹಂಗಿಲ್ಲವ್ವ" ಎಂದು ಅಂಜಿನಕ್ಕ ತೋಳು ಹಿಡಿದಳು.

"ನಾ ಉಡಿ ತುಂಬಾಕತ್ತಿಲ್ಲ" ಎಂದಳು ಪುಷ್ಪಲತಾ. "ಅಕಿದು ಅಕಿಗೆ ವಾಪಸ್ ಕೊಡಾಕತ್ತೀನಿ."

"ಬಿಡ್ರಿ ಅಕಿನ್ನ" ಎಂದ ಜಂಬಣ್ಣ.

ಅವಳು ಡಬ್ಬಿಯನ್ನು ಅಂಗೈಯಲ್ಲಿ ಬೋರಲು ಹಾಕಿ, ತುಂಡುಗಳನ್ನು ಮಡಿಲಿಗೆ ಸುರಿದಳು. ಅಕ್ಕಿಯ ಮೇಲೆ ಮೂಲೆ ಮೂಲೆ ತುಂಡುಗಳು ಬಿದ್ದವು, ಒಂದೊಂದರಲ್ಲೂ ಕೆಂಪು ನೆಲ, ಒಂದೊಂದರಲ್ಲೂ ಬೆಳ್ಳಿ ಉಂಗುರದ ಬೆರಳು. ಹೆಂಗಸರು ಬಗ್ಗಿ ನೋಡಿದರು, ಏನೆಂದು ಯಾರಿಗೂ ತಿಳಿಯಲಿಲ್ಲ. ಒಂದು ತುಂಡು ಮಾತ್ರ ಬೆವರಿದ ಅಂಗೈಗೆ ಅಂಟಿಕೊಂಡು ಉಳಿದಿತ್ತು. ಪುಷ್ಪಲತಾ ಅದನ್ನು ನೋಡಿದಳು, ಅಕ್ಕನ ಮುಖ ನೋಡಿದಳು, ಮುಷ್ಟಿ ಬಿಗಿದುಕೊಂಡು ಎದ್ದಳು.