ಕಾಗದದ ಮೇಲಿನ ಗಂಡ

ಫೋನು ಕಿವಿಗೆ ಬಿಸಿಯಾಗುತ್ತಿದೆ, ಒಳಗೆ ಯಾವುದೋ ವೀಣೆ ಒಂದೇ ಸಾಲನ್ನು ತಿರುತಿರುಗಿ ನುಡಿಸುತ್ತಿದೆ, ನಡುನಡುವೆ ಹೆಣ್ಣುದನಿಯೊಂದು ತೆಲುಗಿನಲ್ಲಿ, ಲೈನ್‌ಲೋನೇ ಉಂಡಂಡಿ — ಲೈನಿನಲ್ಲೇ ಇದ್ದೇನಲ್ಲ ತಾಯಿ, ಎಲ್ಲಿಗೆ ಹೋಗಲಿ, ಎಂದುಕೊಳ್ಳುತ್ತಾಳೆ ಭಾಗ್ಯ, ಹೊಳಗುಂದದಿಂದ ಮೊದಲ ಬಸ್ಸು ಹಿಡಿದು ಆದೋನಿಗೆ ಬಂದು ಈ ವಿಮಾ ಕಚೇರಿಯ ಕುರ್ಚಿಗೆ ಅಂಟಿ ಕೂತದ್ದು ಎದ್ದು ಹೋಗುವುದಕ್ಕಲ್ಲ. ಮೇಜಿನಾಚೆ ಕಚೇರಿಯ ನಾಗಜ್ಯೋತಿ, ಒಳ್ಳೆಯ ಹುಡುಗಿ, ಮೊದಲೇ ತಿಳಿಸಿ ಹೇಳಿದ್ದಾಳೆ, ಅಕ್ಕಾ, ದೊಡ್ಡಾಫೀಸಿನೋರು ಕೇಳಿದ್ದಕ್ಕೆಲ್ಲ ನೀವ ಬಾಯಿಬಿಟ್ಟು ಹೇಳ್ಬೇಕ್ರಿ, ದನಿ ರೆಕಾರ್ಡ್ ಆಗ್ತೈತಿ, ನಾ ಹೇಳಿದ್ರ ನಡ್ಯಂಗಿಲ್ಲ, ಹೇಳಿದ ಮ್ಯಾಲೇನ ಆ ಕಳ್ಳ ಫೋನ್ ನಂಬರು, ಆ ಹೆಸರು ಕಿತ್ತಾಕಿ ಲಾಕ್ ಮಾಡ್ತಾರ. ಆ ಹೆಸರು. ಸೂರಿ. ಅದನ್ನು ಬೇಕಾದರೆ ನಿದ್ದೆಗಣ್ಣಿನಲ್ಲೂ ಹೇಳಿಯಾಳು, ಪೊಲೀಸರ ಮುಂದೆ ಹೇಳಿದಳು, ಅಕ್ಕಪಕ್ಕದವರಿಗೆ ಹೇಳಿದಳು, ರೊಟ್ಟಿ ಬಡಿಯುತ್ತ ತನಗೆ ತಾನೇ ಹೇಳಿಕೊಂಡಳು, ಸೂರಿ, ಸೂರಿ, ಯಾರಪ್ಪ ನೀನು ಸೂರಿ. ಹೋದ ವಾರ ಇದೇ ಮೇಜಿನ ಕಂಪ್ಯೂಟರಿನಲ್ಲಿ ಕಂಡವನು — ನಾಮಿನಿ ಸೂರಿ, ಸಂಬಂಧ ಗಂಡ, ಯಾರದೋ ಫೋನ್ ನಂಬರು, ಕೆಳಗೆ ಉಗುರಿನಷ್ಟು ಫೋಟೊ, ನೀಲಿ ಅಂಗಿ, ಎಣ್ಣೆ ಹಚ್ಚಿ ಒತ್ತಿ ಬಾಚಿದ ತಲೆ, ನೆಟ್ಟಗೆ ಅವಳನ್ನೇ ನೋಡುವ ಕಣ್ಣು. ಅವಳು ಸತ್ತರೆ ವಿಮೆಯ ದುಡ್ಡೆಲ್ಲ ಅವನಿಗಂತೆ. ಬದುಕಿರುವ ತನಕ ಯಾರೋ, ಸತ್ತ ದಿನ ಗಂಡ.

ಬಾಯಿಬಿಟ್ಟು ಹೇಳಬೇಕಂತೆ, ಅವತ್ತೇ ಬಾಯಿ ಬಿಟ್ಟಿದ್ದರೆ ಇಲ್ಲಿಗೇಕೆ ಬರಬೇಕಿತ್ತು, ಅವತ್ತು ವಿಮೆ ಮಾಡಿಸಲು ಬಂದ ಏಜೆಂಟ್ ತಿಪ್ಪೇಶ ಪಡಸಾಲೆಯಲ್ಲಿ ಕಾಲು ಮಡಚಿ ಕೂತಿದ್ದ, ತವರೂರು ಹಾಲಹರವಿಯವನು, ಅಕ್ಕ ಎಂದರೆ ಜೇನು ಸುರಿದಂತೆ, ಒಗ್ಗರಣೆ ಮಂಡಕ್ಕಿ ತಿನ್ನುತ್ತ, ಆಧಾರ್ ಕಾರ್ಡ್ ಇಸ್ಕೊಂಡು, ಹೆಬ್ಬೆಟ್ಟು ಮಷೀನಿಗೆ ಒತ್ತಿಸಿಕೊಂಡು, ಭಾವನ ಹೆಸರೇನಕ್ಕಾ, ನಾಮಿನಿಗೆ ಹಾಕ್ಬೇಕು, ಅಂದ. ಗಂಡನ ಹೆಸರು ಹೆಂಡತಿಯ ಬಾಯಲ್ಲಿ ಬಂದರೆ ಅವನ ಆಯುಷ್ಯ ಸವೆಯುತ್ತದೆ, ಅವ್ವ ಹೇಳಿಕೊಟ್ಟದ್ದು, ಅವ್ವನಿಗೆ ಅವರವ್ವ, ಆ ಹೆಸರಿನ ದೇವರನ್ನೂ ಭಾಗ್ಯ ಬರೀ ಸ್ವಾಮಿ ಎಂದೇ ಕೈಮುಗಿಯುತ್ತಾಳೆ, ಗಂಡನನ್ನು ಏನ್ರೀ ಎನ್ನುತ್ತಾಳೆ, ಮಗಳ ಹೆಸರು ಹಿಡಿದು ಹಾರಿಕಾನ ಅಪ್ಪ ಎನ್ನುತ್ತಾಳೆ. ಸೆರಗು ಬಾಯಿಗೆ ಹಿಡಿದು ನಕ್ಕಳು, ನಿನಗ ಗೊತ್ತಿಲ್ಲೇನಪ್ಪಾ, ನೀನ ಬರ್ಕೋ. ಬರ್ಕೊಂತೀನಿ ಬಿಡಕ್ಕಾ, ಅಂದ. ಬರ್ಕೊಂಡ. ಎಂಥ ನಗು ನಕ್ಕೆ ನೀನು ಭಾಗ್ಯ, ಹೊಸ ಸೊಸೆಯ ಹಾಗೆ, ಆ ನಗುವಿನಷ್ಟು ಜಾಗದಲ್ಲಿ ಒಬ್ಬ ಗಂಡಸನ್ನು ತಂದು ಕೂರಿಸಿ ಹೋದನಲ್ಲ ತಿಪ್ಪೇಶ, ಈಗ ಅವನ ಫೋನೂ ಇಲ್ಲ, ಮನೆಗೂ ಬೀಗ.

ಕಂಪ್ಯೂಟರಿನಲ್ಲಿ ಅವನನ್ನು ಕಂಡ ಮೇಲೆ ಯಾರಿಗೂ ಮನೆಯ ವಿವರ ಕೊಡುವುದಿಲ್ಲ ಅವಳು, ಗಣತಿಗೆ ಬಂದವಳನ್ನು ಹೊಸ್ತಿಲಾಚೆಯೇ ನಿಲ್ಲಿಸಿದಳು, ಕಾರ್ಡಿನ ಜೆರಾಕ್ಸುಗಳನ್ನು ಚೂರು ಮಾಡಿ ಒಲೆಗೆ ಹಾಕಿದಳು, ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿಕೊಂಡೇ ನಡೆಯುತ್ತಾಳೆ. ಆದರೂ ಅವನು ಬರುತ್ತಾನೆ. ಬಾಗಿಲ ಮುಂದೆ ಬೈಕು ನಿಧಾನವಾದರೆ ನೀಲಿ ಅಂಗಿ, ಬಸ್ಸಿನಲ್ಲಿ ಹಿಂದಿನ ಸೀಟಿನಲ್ಲಿ ಯಾರೋ ಕೆಮ್ಮಿದರೆ ಬಾಚಿದ ತಲೆ, ಉಣ್ಣಲು ಕೂತರೆ ಎದುರಿಗೇ ಕೂತು ನೋಡುತ್ತಾನೆ, ಅವಸರವಿಲ್ಲ, ಬೈಯುವುದಿಲ್ಲ, ಸುಮ್ಮನೆ ಕಾಯುತ್ತಾನೆ. ಕಾಯುವುದು ಯಾತಕ್ಕೆ ಎಂದು ಅವಳಿಗೆ ಗೊತ್ತು. ಕುತ್ತಿಗೆಯ ತಾಳಿಯನ್ನು ಮುಟ್ಟಿ ನೋಡಿಕೊಳ್ಳುತ್ತಾಳೆ, ಇದು ಯಾರ ಹೆಸರಿನದು ಎಂಬ ಹಾಳು ಯೋಚನೆ ಬಂದು ಮೈ ಝುಮ್ಮೆನ್ನುತ್ತದೆ, ಭಯವಾಗುತ್ತದೆ, ನಾಚಿಕೆಯೂ ಆಗುತ್ತದೆ, ಯಾರ ಮುಂದೆ ಹೇಳಿಕೊಳ್ಳುವುದು.

ವೀಣೆ ನಿಂತಿತು. ಅಮ್ಮಾ, ಮೀ ಭರ್ತ ಪೇರು ಚೆಪ್ಪಂಡಿ. ಗಂಡನ ಹೆಸರು ಹೇಳು. ಹೇಳ್ರಿ ಅಕ್ಕಾ, ಎನ್ನುತ್ತಾಳೆ ನಾಗಜ್ಯೋತಿ. ಗಾಜಿನ ಬಾಗಿಲಾಚೆ ಬೆಂಚಿನ ಮೇಲೆ ಇವರು, ಹಾರಿಕಾನ ಅಪ್ಪ, ಟವೆಲಿನಿಂದ ಕತ್ತು ಒರೆಸಿಕೊಳ್ಳುತ್ತಿದ್ದಾರೆ, ಬಸ್ಸಿನಲ್ಲಿ ನಗುತ್ತಲೇ ಹೇಳಿದ್ದರು, ಹೆಸರು ಹೇಳಿದ್ರ ನಾನೇನು ಸಾಯ್ತೀನೇನು, ಹೇಳಿ ಲಾಕ್ ಮಾಡ್ಸಿ ಬಾ, ಆಮೇಲೆ ಕೆಮ್ಮು ಬಂತು, ಬಹಳ ಹೊತ್ತು ಬಿಡಲಿಲ್ಲ. ಹೇಳಿದರೆ ಇವರ ಆಯುಷ್ಯ, ಹೇಳದಿದ್ದರೆ ಅವನು ಅಲ್ಲೇ ಕೂತಿರುತ್ತಾನೆ, ಅವಳ ಹೆಣಕ್ಕೆ ಗಂಡನಾಗಿ — ಚೆಪ್ಪಂಡಮ್ಮಾ — ನಾಲಿಗೆಯ ತುದಿಗೆ ಬರುತ್ತಿರುವುದು ಸೂರಿ, ಥೂ, ವಾರವಿಡೀ ಉರುಳಿ ನುಣುಪಾದ ಹೆಸರು, ಅದನ್ನು ನುಂಗಿ, ಕಣ್ಣು ಮುಚ್ಚಿ, ಸ್ವಾಮಿ, ಕಾಯಪ್ಪಾ, ಗಾದಿಲಿಂಗಪ್ಪ.

ಇಂಕೋಸಾರಿ ಅಮ್ಮಾ. ಗಾದಿಲಿಂಗಪ್ಪ, ಇನ್ನೊಮ್ಮೆ ಹೇಳಿದಳು, ಗಟ್ಟಿಯಾಗಿ. ಸರೇ ಅಮ್ಮಾ, ಅಯಿಪೋಯಿಂದಿ. ಮುಗೀತ್ರಿ ಅಕ್ಕಾ, ಅವನ ಹೆಸರು ಹೋತು, ನಾಗಜ್ಯೋತಿ ನಗುತ್ತಿದ್ದಾಳೆ, ಭಾಗ್ಯ ಇನ್ನೂ ಕಣ್ಣು ತೆರೆದಿಲ್ಲ, ಜನ್ಮದಲ್ಲಿ ಮೊದಲ ಸಲ ಹೆಸರು ಹಿಡಿದು ಕರೆದಿದ್ದಾಳೆ, ರೆಪ್ಪೆಯೊಳಗಿನ ಕತ್ತಲಲ್ಲಿ ಇವರ ಮುಖ ಬರಲಿ ಎಂದು ಕಾಯುತ್ತಾಳೆ, ಆ ನರೆಮೀಸೆ, ಆ ಟವೆಲು, ಬರಲಿ — ಗಾದಿಲಿಂಗಪ್ಪ ಎಂದದ್ದಕ್ಕೆ ಹ್ಞೂಂ ಎಂದು ಓಗೊಟ್ಟು ಬಂದವನು, ನೀಲಿ ಅಂಗಿ, ಎಣ್ಣೆ ಹಚ್ಚಿ ಒತ್ತಿ ಬಾಚಿದ ತಲೆ, ನೆಟ್ಟಗೆ ಅವಳನ್ನೇ ನೋಡುವ ಕಣ್ಣು.