ಏಳನೆಯ ಪಟ್ಟಿ

ಏಳನೆಯ ಪಟ್ಟಿಯನ್ನು ತಲೆಕೆಳಗಾಗಿ ಹೊಲಿದವಳು ನಾನು. ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಹೇಳಬೇಕಾದ ಹೊತ್ತಿನಲ್ಲಿ ಬಾಯಿಗೆ ಬೀಗ ಹಾಕಿಕೊಂಡಿದ್ದೆ.

ನಮ್ಮದು ಪರದೆ ಹೊಲಿಯುವ ಕಾರ್ಖಾನೆ. ಆ ಸಲ ನಾಟಕಶಾಲೆಯೊಂದರ ದೊಡ್ಡ ಪರದೆ ಬಂದಿತ್ತು. ಕೆಂಪು ವೆಲ್ವೆಟ್, ಹನ್ನೆರಡು ಪಟ್ಟಿ. ವೆಲ್ವೆಟ್‌ಗೆ ಬೆಕ್ಕಿನ ಮೈಯಂತೆ ನವಿರು ರೋಮ ಇರುತ್ತದೆ. ಎಲ್ಲ ಪಟ್ಟಿಯಲ್ಲೂ ಅದು ಒಂದೇ ದಿಕ್ಕಿಗೆ ಮಲಗಿರಬೇಕು, ಇಲ್ಲದಿದ್ದರೆ ಬಣ್ಣವೇ ಬೇರೆ ಕಾಣುತ್ತದೆ. ಅದಕ್ಕೇ ಬಟ್ಟೆ ಕತ್ತರಿಸುವ ಮಾಸ್ಟರ್ ಪ್ರತಿ ಪಟ್ಟಿಯ ಹಿಂಬದಿಗೆ ಸೀಮೆಸುಣ್ಣದಲ್ಲಿ ಬಾಣ ಎಳೆದು ಕೊಡುತ್ತಿದ್ದರು. ನಡುವೆ ಒಂದು ದೊಡ್ಡದು, ಅದು ಅಳಿಸಿಹೋದರೆ ಇರಲಿ ಅಂತ ಅಂಚಿನಲ್ಲಿ ಒಂದು ಪುಟ್ಟದು. ಬಾಣ ಕೆಳಗೆ ನೋಡುವಂತೆ ಹೊಲಿಯುವುದಷ್ಟೇ ನನ್ನ ಕೆಲಸ.

ಅವತ್ತು ಅಕ್ಕ ಫೋನ್ ಮಾಡಿ, ಹಾಸಿಗೆ ಹಿಡಿದ ಅಮ್ಮನನ್ನು ಇನ್ನೂ ಆರು ತಿಂಗಳು ನೀನೇ ನೋಡಿಕೋ ಅಂದಳು. ನನಗೆ ಮೈಯೆಲ್ಲ ಉರಿದುಹೋಯಿತು. ಆ ಉರಿಯಲ್ಲೇ ಮಷಿನ್ ತುಳಿದೆ. ನಾಟಕಶಾಲೆಯಲ್ಲಿ ಪರದೆ ತೂಗುಹಾಕಿದಾಗ ಹನ್ನೊಂದು ಪಟ್ಟಿ ಕೆಂಪಗೆ, ನಡುವೆ ಒಂದು ಕಪ್ಪಗೆ.

ಪರದೆ ವಾಪಸ್ ಬಂತು. ವೆಲ್ವೆಟ್ ಕೆಡಿಸಿದ ಹೊಲಿಗೆಯವರನ್ನು ಅವತ್ತೇ ಮನೆಗೆ ಕಳಿಸುವುದು ನಮ್ಮಲ್ಲಿನ ನಿಯಮ. ಯಜಮಾನರು ಬಂದು ಆ ಪಟ್ಟಿಯ ಹಿಂಬದಿ ತಿರುಗಿಸಿದರೆ, ಬಾಣ ನೆಟ್ಟಗೆ ಕೆಳಗೇ ನೋಡುತ್ತಿತ್ತು! ಅಂದರೆ ಹೊಲಿಗೆ ಸರಿ, ಬಾಣವೇ ತಪ್ಪು.

"ಕಣ್ಣು ಮಂಜಾಗಿದೆ ಸಾರ್. ನಾನೇ ಉಲ್ಟಾ ಎಳೆದುಬಿಟ್ಟೆ," ಅಂದರು ಮಾಸ್ಟರ್.

ಅವರ ಅಂಗಿಯ ತೋಳಿಗೆಲ್ಲ ಸುಣ್ಣ ಮೆತ್ತಿತ್ತು. ಉಜ್ಜಿ ಅಳಿಸಿ ಹೊಸ ಬಾಣ ಎಳೆದಿದ್ದಾರೆ ಅಂತ ನನಗೊಬ್ಬಳಿಗೇ ಗೊತ್ತಾಯಿತು. ನಮ್ಮಿಬ್ಬರದು ಎಣ್ಣೆ ಸೀಗೆಕಾಯಿ ಸಂಬಂಧ. ಫ್ಯಾನ್ ಯಾವ ಕಡೆ ತಿರುಗಬೇಕು ಎಂಬುದಕ್ಕೂ ಕಿತ್ತಾಡಿದವರು. ಅಂಥವರು ಯಾಕೆ ಹೀಗೆ ಮಾಡಿದರು?

ಮೂವತ್ತು ವರ್ಷ ಹಿಡಿದ ಕತ್ತರಿಯನ್ನು ಕೆಳಗಿಡಿಸಿ, ಅವರನ್ನು ನೆಲಮಾಳಿಗೆಯ ಚಿಂದಿ ಗೋದಾಮಿಗೆ ಹಾಕಿದರು. ನಾನು ತಲೆ ತಗ್ಗಿಸಿ ದಾರ ಪೋಣಿಸುತ್ತಿದ್ದೆ.

ಆಮೇಲೆ ನನಗೆ ನಿಂತಲ್ಲಿ ನಿಲ್ಲಲಾಗದು, ಕೂತಲ್ಲಿ ಕೂರಲಾಗದು. ಹೊಲಿದದ್ದನ್ನೇ ಮೂರು ಸಲ ತಿರುಗಿಸಿ ನೋಡುತ್ತಿದ್ದೆ. ಬೆಳಿಗ್ಗೆ ಎರಡು ನಿಮಿಷ ಕಣ್ಣು ಮುಚ್ಚಿ ದೇವರನ್ನು ನೆನೆಯೋಣವೆಂದರೆ ಬಿಳಿ ಬಾಣವೊಂದೇ ಕಾಣುತ್ತಿತ್ತು. ಅಕ್ಕನ ಜೊತೆ ಜಗಳಕ್ಕೂ ರುಚಿ ಉಳಿಯಲಿಲ್ಲ. ಹತ್ತನೆಯ ದಿನ ತಡೆಯಲಾರದೆ ಗೋದಾಮಿಗೆ ಇಳಿದೆ.

"ನಿಮ್ಮನ್ನ ಯಾರು ಕೇಳಿದ್ರು?" ಅಂದೆ.

"ಮೆಲ್ಲಗೆ ಮಾತಾಡು, ಚಿಂದಿಗೂ ಕಿವಿ ಇರುತ್ತೆ," ಅಂದರು. "ಹನ್ನೊಂದು ವರ್ಷ ಒಂದೇ ಮೇಜಲ್ಲಿ ಜಗಳ ಆಡಿದೀವಿ. ಅಷ್ಟು ಸಂಬಂಧ ಸಾಲ್ದೇನಮ್ಮ?"

"ನಾನು ಯಜಮಾನ್ರಿಗೆ ಹೇಳ್ತೀನಿ."

"ಬೇಡ. ಎಷ್ಟೋ ವರ್ಷ ಆದ್ಮೇಲೆ ಈಗ ಚೆನ್ನಾಗಿ ನಿದ್ದೆ ಬರ್ತಿದೆ ಕಣಮ್ಮ. ನೀನು ಸುಮ್ನಿದ್ರೆ ಸಾಕು."

ಅವರ ಮುಖ ನಿಜಕ್ಕೂ ತಿಳಿಯಾಗಿತ್ತು. ಅದನ್ನು ನೋಡಿ ನನಗೆ ಇನ್ನಷ್ಟು ರೇಗಿತು. ಉಪಕಾರ ಮಾಡಿದವರು ಗೊರಕೆ ಹೊಡೆಯುವುದು, ಹೊತ್ತವಳು ಹೊರಳಾಡುವುದು, ಇದ್ಯಾವ ನ್ಯಾಯ?

ವೆಲ್ವೆಟ್ ಬಿಚ್ಚಿದರೆ ಸೂಜಿಯ ತೂತು ಉಳಿಯುತ್ತದೆಂದು ಆ ಪಟ್ಟಿಯನ್ನು ಹೊಲಿಗೆ ಸಮೇತ ಕತ್ತರಿಸಿ ಗೋದಾಮಿಗೆ ಎಸೆದಿದ್ದರು. ಮರುದಿನ ಮಾಸ್ಟರ್ ಊಟಕ್ಕೆ ಎದ್ದಾಗ ಅದನ್ನು ಸುತ್ತಿ ಬಗಲಲ್ಲಿ ಇರುಕಿಕೊಂಡು ಯಜಮಾನರ ಕೋಣೆಗೆ ನುಗ್ಗಿದೆ.

"ತಪ್ಪು ನಂದು ಸಾರ್."

ಅವರು ನಕ್ಕರು. "ಅವನನ್ನ ಉಳಿಸೋಕೆ ಬಂದ್ಯಾ? ಒಳ್ಳೇ ಮನಸ್ಸು ಕಣಮ್ಮ ನಿಂದು. ಹೋಗು, ಕೆಲಸ ನೋಡು."

ಹೊಗಳಿಕೆ ಬೇರೆ! ಅವರ ಎದುರೇ ಅಂಚಿನ ಹೊಲಿಗೆಯನ್ನು ಪರಪರ ಬಿಚ್ಚಿದೆ. ಮಡಿಕೆಯೊಳಗೆ ಮಾಸ್ಟರ್ ಕೈಗೆ ಸಿಗದ ಪುಟ್ಟ ಬಾಣ ಹಾಗೇ ಇತ್ತು, ಮೇಲಕ್ಕೆ ನೋಡುತ್ತ. ಯಜಮಾನರು ಎರಡೂ ಬಾಣಗಳನ್ನು, ದೊಡ್ಡದರ ಸುತ್ತ ಉಜ್ಜಿದ ಕಲೆಯನ್ನು ಬೆರಳಿನಿಂದ ಮುಟ್ಟಿ ನೋಡಿದರು. ನಗು ಇಳಿದುಹೋಯಿತು.

"ಅವನನ್ನ ಮೇಲೆ ಕಳಿಸು. ನೀನು ನಾಳೆಯಿಂದ ಬರಬೇಡ."

ಅಮ್ಮನ ಔಷಧಿ ನೆನಪಾಯಿತು. ಆದರೂ ಸುಳ್ಳೇಕೆ, ಎದೆ ಹಗುರಾಗಿತ್ತು. ದಡದಡ ಇಳಿಯುತ್ತಿದ್ದರೆ ಮಾಸ್ಟರ್ ಮೆಟ್ಟಿಲ ಬುಡದಲ್ಲೇ ಸಿಕ್ಕರು. ನನ್ನ ಕೈಯಲ್ಲಿದ್ದ ಬಿಚ್ಚಿದ ಪಟ್ಟಿಯನ್ನು ನೋಡಿದರು.

"ಹೇಳ್ಬಿಟ್ಯಾ?"

"ಹೇಳ್ದೆ. ಮೇಲೆ ಕರೀತಿದಾರೆ. ನಿಮ್ಮ ಕತ್ತರಿ ನಿಮಗೆ ಸಿಗುತ್ತೆ."

"ಕತ್ತರಿ ಯಾರಿಗೆ ಬೇಕಿತ್ತಮ್ಮಾ?" ಅಂದರು. "ಕಟ್ಕೊಂಡವಳ ಜೊತೆ ನೆಟ್ಟಗೆ ಬಾಳಲಿಲ್ಲ. ಒಡಹುಟ್ಟಿದ ಅಣ್ಣ ಕಷ್ಟದಲ್ಲಿದ್ದಾಗ ಮುಖ ತಿರುಗಿಸ್ಕೊಂಡೆ. ಈ ಜನ್ಮದಲ್ಲಿ ನಾನು ಒಬ್ಬರ ಪರ ನಿಂತಿದ್ದು ಅಂದ್ರೆ ಅದೊಂದೇ. ಸಾಯೋವಾಗ ಅದನ್ನಾದ್ರೂ ಜೊತೆಗೆ ತಗೊಂಡು ಹೋಗೋಣ ಅಂತಿದ್ದೆ. ಅದನ್ನೂ ಬಿಚ್ಚಿಹಾಕಿದ್ಯಲ್ಲ."

ಕೆಲಸ ಕಳಕೊಂಡವಳು ನಾನು, ಬೈಸಿಕೊಳ್ಳುವವಳೂ ನಾನೇ. ಸಿಟ್ಟು ಬರಬೇಕಿತ್ತು. ಬರಲಿಲ್ಲ. ನನ್ನ ಎದೆ ಹಗುರ ಮಾಡಿಕೊಳ್ಳಲು ಹೋಗಿ ಅವರನ್ನು ಬರಿಗೈ ಮಾಡಿದ್ದೆ.

ಮೇಲಿಂದ ಯಜಮಾನರು ಕೂಗಿದರು. ಮಾಸ್ಟರ್ ಕಣ್ಣೊರೆಸಿಕೊಂಡು, ಕಂಬಿ ಹಿಡಿದು, ತಮ್ಮ ಕತ್ತರಿ ತೆಗೆದುಕೊಳ್ಳಲು ಒಂದೊಂದೇ ಮೆಟ್ಟಿಲು ಹತ್ತತೊಡಗಿದರು, ಶಿಕ್ಷೆಗೆ ಹೋಗುವವರ ಹಾಗೆ.